ಅಂಟಿಸ್ಯಾರ ಯವ್ವಾ

“ಯವ್ವಾ, ಇದು ಹೂವಲ್ಲ ಬಿಡು. ಅಂಟಿಸ್ಯಾರ.”

ಹೂವಿನಜ್ಜಿ ಹೀಗಂದು ಇವತ್ತಿಗೆ ಐದು ದಿನ. ಭಾಂಡೆ ತಿಕ್ಕುವಾಗ, ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಸಮೀಕರಣ ಬಿಡಿಸುವಾಗ, ನಡುರಾತ್ರಿ ನೀರು ಕುಡಿಯಲು ಎದ್ದಾಗ, ಅದೇ ಮಾತು. ಆಕೆ ನಕ್ಕಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ನಗಲಿಲ್ಲ. ಮಲ್ಲಿಗೆಯನ್ನು ಮೊಳ ಹಾಕುವಷ್ಟೇ ಸಲೀಸಾಗಿ ಹೇಳಿ, ಚಿಲ್ಲರೆ ಎಣಿಸಿಕೊಂಡು, ಬುಟ್ಟಿ ಹೊತ್ತು ಹೋದಳು.

ಶುಕ್ರವಾರದ ಪೂಜೆಗೆ ಹೂ ತಗೊಳ್ಳುತ್ತಿದ್ದೆ. ಕಟ್ಟೆಯ ಮೇಲೆ ನನ್ನ ಕಳ್ಳಿ ಇತ್ತು. ಲಿಂಬೆಹಣ್ಣಿನ ಗಾತ್ರದ ಮ್ಯಾಮಿಲೇರಿಯಾ, ನೆತ್ತಿಯ ಮೇಲೆ ಕಡುಗುಲಾಬಿ ಹೂವು. “ಅಜ್ಜಿ, ಒಂದು ವರ್ಷ ಆತು ನೋಡು, ಬಾಡೇ ಇಲ್ಲ” ಅಂತ ನಾನೇ ಜಂಬದಿಂದ ತೋರಿಸಿದೆ. ಯಾಕೆ ತೋರಿಸಿದೆನೋ! ಆಕೆ ತೋರುಬೆರಳ ತುದಿಯನ್ನು ಪಕಳೆಗೆ ಹಾಗೆ ತಾಗಿಸಿದಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಆಮೇಲೆ ಆ ಮಾತು. ಹೇಗೆ ಗೊತ್ತಾಯಿತು ಅಂದರೆ, “ಜೀವ ಇದ್ದ ಹೂವು ಬೆರಳಿಗೆ ತಣ್ಣಗ ಹತ್ತತೈತಿ. ಇದು ಕಾಗದ ಮುಟ್ಟಿದಂಗ ಆಕೈತಿ” ಅಂದಳು.

ಕಳೆದ ವರ್ಷ ಗವಿಮಠದ ಜಾತ್ರೆಯ ದಿನಗಳಲ್ಲಿ ರಸ್ತೆ ಬದಿಯ ತಳ್ಳುಗಾಡಿಯಿಂದ 180 ರೂಪಾಯಿ ಕೊಟ್ಟು ತಂದದ್ದು. “ಈ ಹೂ ಬಾಡಂಗಿಲ್ರಿ ಅಕ್ಕಾರ, ಗ್ಯಾರಂಟಿ” ಅಂದಿದ್ದ ಹುಡುಗ. ಈಗ ಯೋಚಿಸಿದರೆ, ಪುಣ್ಯಾತ್ಮ ಒಂದಕ್ಷರ ಸುಳ್ಳು ಹೇಳಿಲ್ಲ. ನಮ್ಮತ್ತೆ ಮಾತ್ರ ಅವತ್ತೇ ಮುಖ ಕಿವುಚಿದ್ದರು: “ಹೊಲದಾಗಿನ ಬಳ್ಳಾರಿ ಜಾಲಿ ಕಡದು ಕಡದು ನಮ್ಮ ರಟ್ಟಿ ಹೋದ್ವು, ನೀ ರೊಕ್ಕಾ ಕೊಟ್ಟು ಮುಳ್ಳು ತಂದಿ.”

ಒಂದು ವರ್ಷ ಮೋಸ ಹೋಗುವಷ್ಟು ದಡ್ಡಿಯೇ ನಾನು? ನನ್ನ ಪರವಾಗಿ ಒಂದು ಮಾತಿದೆ. ಆ ಹೂವು ಮಳೆಗಾಲದಲ್ಲಿ ಮೋಡ ಕವಿದ ದಿನ ಮುದುಡುತ್ತಿತ್ತು, ಬಿಸಿಲು ಬಿದ್ದರೆ ಮತ್ತೆ ಅರಳುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ. ಸತ್ತ ಹೂವು ಹೀಗೆ ಮಾಡುವುದುಂಟೇ ಅಂತ ಶುಕ್ರವಾರ ರಾತ್ರಿ ಮೊಬೈಲ್ ಹಿಡಿದು ಕೂತೆ. ಮಾಡುತ್ತದಂತೆ! ಅದು ಸ್ಟ್ರಾಫ್ಲವರ್, ಆಸ್ಟ್ರೇಲಿಯಾ ಮೂಲದ್ದು. ಪಕಳೆಯ ಹಾಗೆ ಕಾಣುವುದು ಪಕಳೆಯಲ್ಲ, ಹೂವಿನ ಸುತ್ತಿನ ಕಾಗದದಂತಹ ಎಲೆ. ತೇವ ಹೀರಿಕೊಂಡರೆ ಬಾಗಿ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಜೀವ ಬೇಕೆಂದೇನಿಲ್ಲ. ಅದನ್ನು ಒಣಗಿಸಿ, ಬಿಸಿ ಅಂಟಿನಿಂದ ಕಳ್ಳಿಯ ನೆತ್ತಿಗೆ ಮೆತ್ತಿ ಮಾರುವುದು ಎಷ್ಟೋ ದೇಶಗಳಲ್ಲಿ ನಡೆದ ವ್ಯಾಪಾರ. ಅಸಲಿಗೆ ಮ್ಯಾಮಿಲೇರಿಯಾ ನೆತ್ತಿಯ ನಟ್ಟನಡುವೆ ಹೂ ಬಿಡುವುದೇ ಇಲ್ಲ. ನೆತ್ತಿಯ ಸುತ್ತಲೂ, ಗುಬುಟುಗಳ ಸಂದಿಯಿಂದ ಸಣ್ಣ ಸಣ್ಣ ಹೂ ಬಿಡುತ್ತದೆ, ಮದುಮಗಳು ದಂಡೆ ಮುಡಿದ ಹಾಗೆ. ಕೆಲವೇ ದಿನ ಇದ್ದು ಹೋಗುತ್ತದೆ.

ನಮ್ಮ ಸ್ಟಾಫ್ ರೂಮಿನ ವಿಜ್ಞಾನದ ಮೇಡಂ ನನ್ನ ಸ್ಟೇಟಸ್ಸಿಗೆ ಎಷ್ಟು ಸಲ ಹೃದಯ ಕಳಿಸಿದ್ದಾರೋ. ಅವರಿಗೆ ಗೊತ್ತಿತ್ತೋ, ಗೊತ್ತಿದ್ದೂ ಸುಮ್ಮನಿದ್ದರೋ? ಎರಡರಲ್ಲಿ ಯಾವುದಾದರೂ ನನಗೆ ಸಮಾಧಾನವಿಲ್ಲ. ನಮ್ಮ ಮನೆಯವರಂತೂ ಪೇಪರಿನಿಂದ ತಲೆ ಎತ್ತದೆ, “ನನಗ ಮೊದಲs ಗೊತ್ತಿತ್ತು” ಅಂದರು. ಇವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ, ಗ್ಯಾಸ್ ಮುಗಿಯುವುದೊಂದನ್ನು ಬಿಟ್ಟು.

ಭಾನುವಾರ ಗಿಡ ಕಿತ್ತು ಬೇರೆ ಪಾಟಿಗೆ ಹಾಕಲು ಕೂತೆ. ತಲೆಗೆ ಇಷ್ಟು ಮಾಡಿದವರು ಬುಡಕ್ಕೆ ಏನು ಮಾಡಿದ್ದಾರೋ ಎಂಬ ಅನುಮಾನ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಬೆಲ್ಟಿನ ಹಾಗೆ ಸುತ್ತಿ ಹಿಡಿದು ಎಳೆದೆ. ಬರಲಿಲ್ಲ. ಮೇಲಿನ ಬಣ್ಣದ ಹರಳುಗಳೂ ಅಂಟಿಸಿದ್ದವು! ಕೊಬ್ಬರಿ ಬಿಲ್ಲೆಯಂತೆ ಒಂದೇ ತುಂಡು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಕೆಳಗೆ ತೆಂಗಿನ ನಾರಿನ ಪುಡಿ ಒಣಗಿ ಕುಳ್ಳಿನಷ್ಟು ಗಟ್ಟಿಯಾಗಿತ್ತು. ವರ್ಷಪೂರ್ತಿ ನಾನು ಚಮಚದಲ್ಲಿ ಹಾಕಿದ ನೀರು ಅಂಚಿನಿಂದ ಜಾರಿ ತಟ್ಟೆಗೆ ಇಳಿದಿದೆ. ಬೇರಿಗೆ ಮುಟ್ಟಿದ್ದು ಎಷ್ಟೋ ಏನೋ. ಮೆಕ್ಸಿಕೋದ ಬರ ಕಂಡ ಕುಲ, ಅದಕ್ಕೇ ತಡೆದುಕೊಂಡಿದೆ.

ಆ ಪುಡಿಯನ್ನು ಹಲ್ಲುಕಡ್ಡಿಯಿಂದ ಬಿಡಿಸುವುದಕ್ಕೇ ಒಂದು ತಾಸು ಹಿಡಿಯಿತು. ನಮ್ಮ ಹೊಲದ ಎರಿ ಮಣ್ಣು ಇದಕ್ಕೆ ಆಗದು, ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ. ಒಂದು ಪಾಲು ಮಸಾರಿ ಕೆಂಪುಮಣ್ಣು, ಎರಡು ಪಾಲು ಜರಡಿ ಹಿಡಿದ ಗರಸು, ಒಂದು ಹಿಡಿ ಇಟ್ಟಂಗಿ ಚೂರು. ಹೊಸ ಪಾಟು ಹಳೆಯದಕ್ಕಿಂತ ಒಂದು ಬೆರಳು ಅಗಲ, ಅಷ್ಟೇ. ಹರಿದ ಬೇರು ಮಾಯುವ ತನಕ, ಒಂದು ವಾರ, ಹನಿ ನೀರಿಲ್ಲ. ಹೂವನ್ನು ಕೀಳುವಾಗ ಮಾತ್ರ ಕೈ ನಡುಗಿತು. ಅಂಟಿನ ಜೊತೆ ಆರೇಳು ಮುಳ್ಳಿನ ಗುಚ್ಛವೂ ಕಿತ್ತು ಬಂದವು. ಗಿಡ ಬೆಳೆಯುವ ಕುಡಿ ಇರುವುದೇ ಅಲ್ಲಿ. ಎಂಟಾಣೆ ಅಗಲದ ಬೋಳು ಜಾಗ, ಬಿಳಚಿಕೊಂಡಿತ್ತು. ಕೊಕ್ಕೆಯಂತಹ ಎರಡು ಮುಳ್ಳು ನನ್ನ ಬೆರಳಲ್ಲಿ ಉಳಿದವು. ಚಿಮಟದಿಂದ ತೆಗೆದದ್ದು ಮಗಳು.

ಅಂಟಿಸುವುದೇ ತಪ್ಪು ಅಂತಲ್ಲ. ಹತ್ತಿರದ ಕಿನ್ನಾಳದವರು ತಲೆಮಾರುಗಳಿಂದ ಅಂಟಿಸುತ್ತಲೇ ಬಂದಿದ್ದಾರೆ. ಹಗುರ ಕಟ್ಟಿಗೆಯ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಬಣ್ಣ ಹಚ್ಚಿದ ಗಿಳಿ, ಗರುಡ, ಗೌರಿ. ಮೋಸವಾಯಿತು ಅಂತ ಯಾರೂ ಅಂದಿಲ್ಲ. ಅಲ್ಲಿ ಗಿಳಿಗಾಗಿ ಯಾವ ಗಿಳಿಯ ತಲೆಯನ್ನೂ ಬೋಳಿಸುವುದಿಲ್ಲವಲ್ಲ. ಆದರೆ ಆ ಹುಡುಗನನ್ನು ಬೈಯುವುದಕ್ಕೂ ನನಗೆ ಬಾಯಿಲ್ಲ. ಏಪ್ರಿಲ್ ಬಂತೆಂದರೆ ಕೊಪ್ಪಳದ ಬಿಸಿಲಿಗೆ ಬೆಳಿಗ್ಗೆ ಮುಡಿದ ಮಲ್ಲಿಗೆ ಎರಡನೇ ಪಿರಿಯಡ್ಡಿಗೆ ಕಂದು. ಬಾಡದ ಹೂವು ಬೇಕು ಅಂತ ಗಾಡಿಯ ಮುಂದೆ ನಿಂತವಳು ನಾನೇ ತಾನೇ?

ಸೋಮವಾರ ಅಜ್ಜಿ ಬಂದಾಗ ಕೇಳಿದೆ, ಅಂಟಿಸಿದ ಹೂವು ಮೊದಲು ಎಲ್ಲಾದರೂ ನೋಡಿದ್ದೆಯಾ ಅಂತ. ಆಕೆ ಬುಟ್ಟಿಯ ಹಸಿ ಬಟ್ಟೆ ಸರಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಮೊಮ್ಮಗಳ ಮದಿವ್ಯಾಗ. ಹಡಗಲಿ ಮಲ್ಲಿಗಿ ತರಿಸಿ ರಾತ್ರೆಲ್ಲಾ ಕಟ್ಟಿದ್ದೆ ಯವ್ವಾ, ಎಂಟು ಮಾರು. ಬ್ಯೂಟಿಪಾರ್ಲರ್‌ನಾಕಿ ಬ್ಯಾಡ ಅಂದ್ಲು. ಲೈಟಿಗೆ ಬಾಡತಾವಂತ, ಫೋಟೋದಾಗ ಚಲೋ ಬರಂಗಿಲ್ಲಂತ. ಪ್ಲಾಸ್ಟಿಕ್ಕಿಂದು ಮುಡಿಸಿದ್ರು. ಮ್ಯಾಲೆ ಸೆಂಟು ಹೊಡದ್ರು.”

“ನಿನ್ನ ಹೂವು?”

“ಕಾರಿಗೆ ಕಟ್ಟಿದ್ರು.”

ಶುಕ್ರವಾರದ ‘ಅಂಟಿಸ್ಯಾರ’ ಆಮೇಲೆ ನನ್ನ ಕಿವಿಯಲ್ಲಿ ಬೇರೆಯೇ ಧ್ವನಿಯಲ್ಲಿ ಕೇಳತೊಡಗಿದೆ. ಆಕೆ ನನಗೆ ಹೇಳಿದ್ದಳೆಂದು ಮೂರು ದಿನ ಕುದ್ದಿದ್ದೆ.

ಇವತ್ತು ಬುಧವಾರ. ಬೆಳಿಗ್ಗೆ ಅಜ್ಜಿ ಕಟ್ಟೆಗೆ ಬಗ್ಗಿ ಕಳ್ಳಿ ನೋಡಿದಳು. “ಪಾಪ, ತಲಿ ಬೋಳಾತು” ಅಂದು, ಕಟ್ಟದೇ ಉಳಿದಿದ್ದ ಒಂದು ಮಲ್ಲಿಗೆ ಮೊಗ್ಗನ್ನು ಆರಿಸಿ ಮುಳ್ಳುಗಳ ನಡುವೆ ಸಿಕ್ಕಿಸಿದಳು. “ಸಂಜಿಮಟ ಇರ್ಲಿ.”

ಸಂಜೆ ಮನೆಯವರು ಚಪ್ಪಲಿ ಬಿಡುತ್ತ ಕಟ್ಟೆಯ ಕಡೆ ನೋಡಿದರು. ಮೊಗ್ಗು ಆಗ ಅರಳಿತ್ತು.

“ಅಲೆಲೆ! ಪಾಟು ಬದಲಿ ಮಾಡಿದ್ದs ತಡ, ಹೊಸಾ ಹೂ ಬಿಟ್ಟೈತಲ್ಲs! ಈ ಸಲ ಬಿಳೇದು.”

ಹೌದ್ರಿ ಅಂದು ಚಹಾಕ್ಕೆ ಇಟ್ಟೆ.