ಮಹಡಿಯ ಕೋಣೆಯಿಂದ ನ್ಯೂರ್ಬರ್ಗ್‌ರಿಂಗ್‌ಗೆ

ಕಳೆದ ಭಾನುವಾರ ರಾತ್ರಿ ದಾವಣಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಕುಳಿತು, ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಹಳೆಯ ಉತ್ತರ ಸುತ್ತಿನಲ್ಲಿ, ಅಂದರೆ ನಾರ್ಡ್‌ಶ್ಲೈಫೆಯಲ್ಲಿ, ಮೊದಲ ಬಾರಿಗೆ ರೇಸ್ ಓಡಿಸಿದೆ. ನಿಜವಾದ ಕಾರಿನಲ್ಲಿ ಅಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಜಿಗೆ ಬಿಗಿದ ಸ್ಟೇರಿಂಗ್, ಕಾಲಡಿ ಮೂರು ಪೆಡಲ್, ಎದುರಿಗೊಂದು ಪರದೆ, ಇಷ್ಟೇ ನನ್ನ ಸರಂಜಾಮು. ಆದರೂ ಅಸೆಟ್ಟೊ ಕೋರ್ಸಾ ಎಂಬ ಈ ಸಿಮ್ಯುಲೇಟರ್‌ನವರು ಟ್ರ್ಯಾಕನ್ನು ಲೇಸರ್‌ನಿಂದ ಅಳೆದು ಅದರ ಉಬ್ಬುತಗ್ಗುಗಳನ್ನು ಹಾಗೆಯೇ ಇಳಿಸಿರುವುದರಿಂದ, ಅಂಗೈಗೆ ಬರುವ ಕುಲುಕಿನಲ್ಲಿ ಸುಳ್ಳು ಕಡಿಮೆ.

ಈ ಟ್ರ್ಯಾಕಿನ ಒಂದು ಸುತ್ತು 20.832 ಕಿ.ಮೀ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ದಾವಣಗೆರೆ ಬಿಟ್ಟವನು ಹರಿಹರವನ್ನೂ ತುಂಗಭದ್ರೆಯ ಸೇತುವೆಯನ್ನೂ ದಾಟಿ ಇನ್ನಷ್ಟು ಮುಂದೆ ಹೋಗಿರುತ್ತಾನೆ. ಐಫೆಲ್ ಬೆಟ್ಟಗಳ ಕಾಡಿನೊಳಗೆ 1927ರಲ್ಲಿ ತೆರೆದ ಈ ಹಾದಿ ಸುಮಾರು 300 ಮೀಟರ್ ಏರಿ ಇಳಿಯುತ್ತದೆ. ಒಂದು ಮಗ್ಗುಲಲ್ಲಿ ಬಿಸಿಲಿದ್ದಾಗಲೇ ಇನ್ನೊಂದು ಮಗ್ಗುಲಲ್ಲಿ ಮಳೆ ಸುರಿಯುತ್ತಿರಬಹುದು. ಇದಕ್ಕೆ ‘ಹಸಿರು ನರಕ’ ಎಂಬ ಹೆಸರಿಟ್ಟ ಫಾರ್ಮುಲಾ ಒನ್ ಚಾಲಕ ಜಾಕಿ ಸ್ಟೀವರ್ಟ್, 1968ರಲ್ಲಿ ಮಳೆ ಮತ್ತು ಮಂಜಿನ ನಡುವೆ ಇಲ್ಲಿಯೇ ನಾಲ್ಕು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದಿದ್ದರು. ಗೆದ್ದವರೇ ನರಕವೆಂದ ಮೇಲೆ ಉಳಿದವರ ಪಾಡೇನು!

ಒಂದು ತಿಂಗಳು ಟ್ರ್ಯಾಕನ್ನು ತುಂಡು ತುಂಡಾಗಿ ಕಲಿತೆ. ಮಗ್ಗಿ ಬಾಯಿಪಾಠ ಮಾಡಿದಂತೆ ಹಾಟ್ಸನ್‌ಬಾಖ್, ಫ್ಲುಗ್‌ಪ್ಲಾಟ್ಸ್, ಶ್ವೇಡನ್‌ಕ್ರೊಯ್ಟ್ಸ್ ಎಂದು ಹೆಸರುಗಳನ್ನು ಸಾಲಾಗಿ ಒಪ್ಪಿಸುತ್ತಿದ್ದೆ. ತಿರುವುಗಳು ಎಪ್ಪತ್ತಕ್ಕೂ ಹೆಚ್ಚಿವೆಯೆಂಬುದಕ್ಕಿಂತ, ಅವುಗಳಲ್ಲಿ ಬಹಳಷ್ಟು ದಿಬ್ಬದ ಆಚೆಗಿವೆಯೆಂಬುದೇ ಕಷ್ಟ. ಕಣ್ಣಿಗೆ ಬಿದ್ದ ಮೇಲೆ ಬ್ರೇಕ್ ಒತ್ತಿದರೆ ತಡವಾಗಿರುತ್ತದೆ. ಕಾಣುವ ಮೊದಲೇ, ನೆನಪಿನ ಮೇಲೆ ಒತ್ತಬೇಕು.

ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಇಲ್ಲಿಂದ ಮೆಕ್ಕೆಜೋಳದ ಲೋಡು ತುಂಬಿಕೊಂಡು ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದರು. ರೇಸಿನ ರಾತ್ರಿ ಊಟ ಮುಗಿಸಿ ಬಂದು ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು. ಮೂರು ಸುತ್ತು, 22 ಕಾರು, ಎಲ್ಲರಿಗೂ ಒಂದೇ ಮಾದರಿಯ ಪುಟ್ಟ ಮಾಜ್ದಾ. ಮೊದಲ ಸುತ್ತು ಹೆದರಿಕೆಯಲ್ಲೇ ಮುಗಿಯಿತು.

ಎರಡನೆಯ ಸುತ್ತಿನಲ್ಲಿ ಧೈರ್ಯ ಬಂತು, ಅದೇ ಕೆಟ್ಟದ್ದಾಯಿತು. ಫುಕ್ಸ್‌ರ್ಯೋರೆ ಎಂಬಲ್ಲಿ ರಸ್ತೆ ಮರಗಳ ನಡುವೆ ಬಾವಿಗಿಳಿದಂತೆ ಇಳಿಯುತ್ತದೆ, ತಳದಲ್ಲಿ ಕಾರು ಕುಕ್ಕಿ ಸ್ಟೇರಿಂಗ್ ಭಾರವಾಗುತ್ತದೆ, ಅಲ್ಲಿಂದ ಏರು. ಏರಿನ ನಂತರ ಆಡೆನಾವರ್ ಫಾರ್ಸ್ಟ್‌ನ ಎಡ-ಬಲ ತಿರುವು ಅಡಗಿ ಕುಳಿತಿರುತ್ತದೆ.

“ಮುಂದೆ ಏನೈತಿ ಅಂತ ಕಾಣವಲ್ದು, ಅಷ್ಟ್ಯಾಕೋ ತುಳೀತೀಯ ತಮ್ಮಾ?” ಎಂದರು ಅಪ್ಪ.

ಅವರ ಮಾತು ಮುಗಿಯುವಷ್ಟರಲ್ಲಿ ನಾನು ಹುಲ್ಲಿನ ಮೇಲಿದ್ದೆ. ಕಾರು ಎರಡು ಸುತ್ತು ತಿರುಗಿ, ಹಿಂಬದಿಯಿಂದ ತಡೆಬೇಲಿಗೆ ಬಡಿದು ನಿಂತಿತು. ಒಂಬತ್ತು ಕಾರುಗಳು ದಾಟಿಹೋದವು.

ಮತ್ತೆ ಹೊರಟು ಬೆರ್ಗ್‌ವೆರ್ಕ್ ತಿರುವಿನ ಹತ್ತಿರ ಬರುವಾಗ ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ ನೆನಪಾದರು. 1976ರಲ್ಲಿ ಇಲ್ಲಿ ರೇಸ್ ಬೇಡವೆಂದು ಜೊತೆಯ ಚಾಲಕರನ್ನು ಒಪ್ಪಿಸಲು ನೋಡಿ ಸೋತ ಲೌಡಾ, ಅದೇ ಆಗಸ್ಟ್ 1ರಂದು ಬೆರ್ಗ್‌ವೆರ್ಕ್‌ಗೆ ತುಸು ಮೊದಲಿನ ಎಡ ತಿರುವಿನಲ್ಲಿ ಅಪಘಾತಕ್ಕೀಡಾದರು. ಉರಿಯುತ್ತಿದ್ದ ಫೆರಾರಿಯಿಂದ ಅವರನ್ನು ಹೊರಗೆಳೆದದ್ದು, ಕಾರು ನಿಲ್ಲಿಸಿ ಓಡಿಬಂದ ಸಹಚಾಲಕರು. ಆರು ವಾರಗಳಲ್ಲಿ, ಗಾಯ ಮಾಯುವ ಮುನ್ನವೇ, ಅವರು ಇಟಲಿಯ ಮೊಂಜಾದಲ್ಲಿ ಓಡಿಸಿ ನಾಲ್ಕನೆಯವರಾದರು. ಫಾರ್ಮುಲಾ ಒನ್ ಮಾತ್ರ ನಾರ್ಡ್‌ಶ್ಲೈಫೆಗೆ ಮರಳಿ ಬರಲಿಲ್ಲ. ನನ್ನದೇನಿದ್ದರೂ ಒಂದು ಗುಂಡಿ ಒತ್ತಿದರೆ ಹೊಸ ಕಾರು ಸಿಗುವ ಆಟ; ಹಾಗಿದ್ದೂ ಆ ಎಡ ತಿರುವಿನಲ್ಲಿ ಕಾಲು ತಾನಾಗಿ ಮೇಲೆದ್ದಿತು.

ಕೊನೆಗೆ ಹದಿನೆಂಟನೆಯವನಾಗಿ ಮುಗಿಸಿದೆ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಸರಿ ಈ ಕಡೆ” ಎಂದು ಅಪ್ಪ ನನ್ನನ್ನೆಬ್ಬಿಸಿ ತಾವು ಕುಳಿತರು. ಎರಡನೆಯ ಗೇರಿನಲ್ಲಿ, ನಲವತ್ತರ ವೇಗದಲ್ಲಿ, ಕಾಂಕ್ರೀಟ್ ಚಪ್ಪಡಿಗಳನ್ನು ಓರೆಯಾಗಿ ಹಾಸಿದ ಕಾರುಸೆಲ್‌ ತಿರುವಿನವರೆಗೂ ಎಲ್ಲಿಯೂ ತಾಗಿಸದೆ ಹತ್ತಿದರು. ತಿರುವಿನ ಬಾಯಿಗೆ ಬಂದಾಗ ಅವರ ಬಲಗೈ ಸ್ಟೇರಿಂಗಿನ ನಡುಭಾಗವನ್ನು ಎರಡು ಬಾರಿ ಒತ್ತಿ ತಡಕಾಡಿತು.

“ಹಾರನ್ ಎಲ್ಲೈತೋ ಇದರಾಗೆ?”