ಕಿಟಕಿ ಪಕ್ಕದ ಸೀಟು

ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ಸು ಹತ್ತಿದರೆ ನನಗೆ ಕಿಟಕಿ ಪಕ್ಕವೇ ಬೇಕು. ಮಂಡಗದ್ದೆ ಬಂದಾಗ ಹೊಳೆ ನಡುವಿನ ಮರಗಳ ಮೇಲೆ ಹಕ್ಕಿ ಕೂತಿವೆಯಾ ಅಂತ ನೋಡದಿದ್ದರೆ ಸಮಾಧಾನ ಇಲ್ಲ. ಆವತ್ತೂ ಅಲ್ಲೇ ಹೋಗಿ ಕೂತೆ. ಆಪರೇಷನ್ ಆದ ಕಿವಿ ಗಾಳಿಯ ಕಡೆಗಿತ್ತು.

ಊರು ದಾಟಿ ಬಸ್ಸು ವೇಗ ಹಿಡಿದಿದ್ದೇ ತಡ, ಕಿವಿಯ ಹಿಂದೆ ಚುಳ್ ಎಂದಿತು. ಕರೆಂಟ್ ಹೊಡೆದ ಹಾಗೆ. ಮತ್ತೊಂದು ಸಲ. ಶಟರ್ ಎಳೆದರೆ ಅರ್ಧಕ್ಕೆ ನಿಂತಿತು. ಸೆರಗು ಮುಚ್ಚಿಕೊಂಡೆ. ಸೆರಗಿನ ಜರಿ ತಾಗಿ ಇನ್ನೂ ಜಾಸ್ತಿಯಾಯಿತು.

ಪಕ್ಕದಲ್ಲಿದ್ದ ಅಜ್ಜಿ ಕೇಳಿದರು, "ಹಲ್ಲುನೋವಾ ಮಗಾ?"

"ಅಲ್ಲ ಅಜ್ಜಿ, ಕಿವಿ."

"ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಎರಡು ಹನಿ ಬಿಡು, ಸಾಕು."

ಒಳಗೆ ಹೊಸ ಪೊರೆ ಕೂರಿಸಿದ್ದಾರೆ, ಎಣ್ಣೆ ಇರಲಿ, ಒಂದು ಹನಿ ನೀರೂ ಹೋಗಬಾರದು ಅಂತ ಹೇಳಲು ಹೋಗಲಿಲ್ಲ. ಅಜ್ಜಿ ಪುಣ್ಯಾತ್ಗಿತ್ತಿ, ಸೀಟು ಬದಲಿಸಿಕೊಟ್ಟರು.

ಚಿಕ್ಕಂದಿನಿಂದ ಮಳೆಗಾಲ ಬಂತೆಂದರೆ ಆ ಕಿವಿ ಸೋರುತ್ತಿತ್ತು. ತಮಟೆಯಲ್ಲಿ ತೂತು, ಹಿಂದಿನ ಮೂಳೆಗೂ ಕೀವು. ಕಿವಿಯ ಹಿಂದೆ ಕೊಯ್ದು, ಮೂಳೆ ಸ್ವಚ್ಛ ಮಾಡಿ, ಅಲ್ಲೇ ಮೇಲಿನ ಸ್ನಾಯುವಿನ ಹೊದಿಕೆಯಿಂದ ತುಂಡು ತೆಗೆದು ತೇಪೆ ಹಾಕಿದರು. ಹತ್ತು ವಾರ ಆಗಿತ್ತು. ಗಾಯ ಒಣಗಿತ್ತು, ಹೊಲಿಗೆಯ ಗುರುತು ಕೂದಲಲ್ಲಿ ಮುಚ್ಚಿಹೋಗಿತ್ತು. ನೋಡಿದವರೆಲ್ಲ "ಹುಷಾರಾದೆಯಲ್ಲ" ಅನ್ನುವವರೇ. ಏನಂತ ಹೇಳುವುದು? ಕಿವಿಯ ಹಾಲೆ ಮರಗಟ್ಟಿ, ಓಲೆ ಕಳಚಿ ಬಿದ್ದದ್ದೇ ಗೊತ್ತಾಗಲಿಲ್ಲ. ಮೂರು ದಿನ ಬಿಟ್ಟು ಬಚ್ಚಲ ಮೂಲೆಯಲ್ಲಿ ಸಿಕ್ಕಿತು. ಅಪ್ಪೆಮಿಡಿ ಕಚ್ಚಿದರೆ ನಾಲಿಗೆಯ ಒಂದು ಬದಿಗೆ ಹುಳಿ, ಇನ್ನೊಂದು ಬದಿಗೆ ತುಕ್ಕು ಹಿಡಿದ ಮೊಳೆ ನೆಕ್ಕಿದ ರುಚಿ. ಉಪ್ಪಿನಕಾಯಿಯೇ ಕೆಟ್ಟಿದೆ ಅಂತ ಅತ್ತೆಯ ಹತ್ತಿರ ಸುಮ್ನೆ ಜಗಳ ಆಡಿದ್ದೆ.

ಡಾಕ್ಟರು ಕಿವಿಯೊಳಗೆ ಇಣುಕಿ, "ಪೊರೆ ಚೆನ್ನಾಗಿ ಕೂತಿದೆ" ಅಂದರು.

"ಹಾಗಾದ್ರೆ ಈ ನೋವು?"

ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದರು. ಕುತ್ತಿಗೆಯಿಂದ ಮೇಲೆ ಬರುವ ಒಂದು ನರ ಕಿವಿಯ ಹಾಲೆಗೂ ಹಿಂದಿನ ಚರ್ಮಕ್ಕೂ ಹೋಗುತ್ತದೆ. ಕೊಯ್ಯುವಾಗ ಅದರ ಕವಲುಗಳು ತುಂಡಾಗುತ್ತವೆ. ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಆ ಹೊತ್ತಿನಲ್ಲಿ ಗಾಳಿ ಸೋಕಿದರೂ ಅದು ಕಿರುಚುತ್ತದೆ. ರುಚಿಯ ನರವಂತೂ ತಮಟೆಯ ಒಳಬದಿಯಲ್ಲೇ ಹಾದುಹೋಗುತ್ತದೆಯಂತೆ! ಕಿವಿಗೂ ಉಪ್ಪಿನಕಾಯಿಗೂ ಹೀಗೊಂದು ನಂಟು ಇದೆ ಅಂತ ಯಾರಿಗೆ ಗೊತ್ತಿತ್ತು? ಇದನ್ನು ಆಪರೇಷನ್‌ಗೆ ಮೊದಲೇ ಹೇಳಿದ್ದರೆ ನಾನು ರಾತ್ರಿಯೆಲ್ಲ ಕೀವು ಮತ್ತೆ ಬಂತೇನೋ ಅಂತ ದಿಂಬು ಮುಟ್ಟಿ ನೋಡುತ್ತಾ ಕೂರುತ್ತಿರಲಿಲ್ಲ. ಸಿಟ್ಟು ಬಂತು. ಹೇಳಲಿಲ್ಲ.

ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ ಅಂತ ರಾತ್ರಿಗೆ ಗ್ಯಾಬಪೆಂಟಿನ್ ಬರೆದುಕೊಟ್ಟರು. ಅದು ನೋವನ್ನು ಸ್ವಲ್ಪ ಮೊಂಡು ಮಾಡಿತು, ನನ್ನನ್ನೂ. ಮರುದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ.

ವಾಪಸ್ ಬರುವಾಗ ಕಿಟಕಿ ಖಾಲಿ ಇದ್ದರೂ ಈಚೆಗೆ ಕೂತೆ. ಹಳೇ ಕಾಟನ್ ಪಂಚೆಯ ತುಂಡು ತಲೆಗೆ ಸುತ್ತಿಕೊಂಡಿದ್ದೆ. ಮಫ್ಲರಿನ ಉಣ್ಣೆಗಿಂತ ಅದೇ ವಾಸಿ. ಗಾಜನೂರಿನಲ್ಲಿ ಹತ್ತಿದ ಸ್ಕೂಲ್ ಹುಡುಗಿಯೊಬ್ಬಳು ಕಿಟಕಿ ಹಿಡಿದಳು. ಮಂಡಗದ್ದೆ ಬಂದಾಗ ಕೇಳಿದೆ, "ಹಕ್ಕಿ ಇದಾವಾ ಪುಟ್ಟಿ?"

ಕತ್ತು ಹೊರಗೆ ಹಾಕಿ ನೋಡಿದಳು. "ಎರಡೇ ಎರಡು ಆಂಟಿ."