ವೋಲ್ಟೇಜ್ ನೋಡಬೇಕಾದ್ದು ಲೈನ್‌ನ ಕೊನೆಯಲ್ಲಿ

ಕಾಸರಗೋಡಿನ ಗಡಿ ಕಡೆಯ ಒಂದು ವಿದ್ಯುತ್ ಸೆಕ್ಷನ್‌ನಲ್ಲಿ ನಾನು ಓವರ್‌ಸಿಯರ್. ಮಾರ್ಚ್ ಬಂತೆಂದರೆ ನಮ್ಮಲ್ಲಿ ದೂರು ಒಂದೇ: ವೋಲ್ಟೇಜ್ ಇಲ್ಲ, ಪಂಪ್ ಎಳೆಯುವುದಿಲ್ಲ, ಅಡಿಕೆ ತೋಟ ಒಣಗುತ್ತಿದೆ.

ಒಂದು ಕಡೆ 100 ಕೆವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ತೆಗೆದು 160ರದ್ದು ಹಾಕಿದ್ದೆವು. ಮೇಲಿನಿಂದ ಬಂದ ಆರ್ಡರ್. ಕೆಲಸ ಮುಗಿಯಿತು ಅಂತ ರಿಪೋರ್ಟೂ ಹೋಯಿತು. ಸ್ವಲ್ಪ ದಿನಕ್ಕೇ ಆ ಲೈನ್‌ನ ಕೊನೆಯ ಮನೆಯವರು ನೆರೆಕರೆಯವರನ್ನು ಕಟ್ಟಿಕೊಂಡು ಆಫೀಸಿಗೆ ಬಂದರು. "ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದ್ದು ಯಾರಿಗೆ ಮಾರಾಯ್ರೆ?"

ಸಂಜೆ ಪೀಕ್ ಹೊತ್ತಿಗೇ ಹೋದೆವು. ಟ್ರಾನ್ಸ್‌ಫಾರ್ಮರ್ ಬುಡದಲ್ಲಿ 232 ವೋಲ್ಟ್. ಗುಡ್ಡ ಇಳಿದು, ತೋಡು ದಾಟಿ ಕೊನೆಯ ಮನೆಗೆ ಹೋಗಿ ನೋಡಿದರೆ 168. ಅಂಗಳದಲ್ಲಿ ಜನ ಸೇರಿದ್ದರು. ಯಾರೂ ಬೈಯಲಿಲ್ಲ, ಎಲ್ಲರ ಕಣ್ಣೂ ನಮ್ಮ ವೋಲ್ಟ್ ಮೀಟರ್ ಮೇಲೆ. ಮನೆಯವರು ಪಂಪಿನ ಸ್ವಿಚ್ ಹಾಕಿದರು. ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಹೂಂ ಅಂತ ನರಳಿತೇ ಹೊರತು ತಿರುಗಲಿಲ್ಲ. ಟ್ಯೂಬ್‌ಲೈಟ್ ಆರಿತು. ಮೀಟರ್ 140ಕ್ಕೆ ಬಿತ್ತು. "ಆಫ್ ಮಾಡಿ, ಆಫ್ ಮಾಡಿ!" ಅಂತ ನಮ್ಮ ಲೈನ್‌ಮ್ಯಾನ್ ಕೂಗುವಷ್ಟರಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬಂದಿತ್ತು. ಆ ಮನೆಯವರ ಮುಖ ನೋಡಲು ಆಗಲಿಲ್ಲ.

ಕಂಬಕ್ಕೆ ಬಂದು, ತಂತಿಯಲ್ಲಿ ಎಷ್ಟು ಕರೆಂಟ್ ಓಡುತ್ತಿದೆ ಅಂತ ನೋಡುವ ಟಾಂಗ್ ಟೆಸ್ಟರ್ ಹಿಡಿದೆವು. ಲೈನ್‌ನಲ್ಲಿ ಫೇಸ್ ತಂತಿ ಮೂರು, ಮನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಫೇಸ್‌ನಲ್ಲಿ. ಉಳಿದೆರಡು ಸುಮ್ನೆ ಇವೆ. ಕರೆಂಟ್ ವಾಪಸ್ ಬರುವ ನ್ಯೂಟ್ರಲ್ ತಂತಿಯಲ್ಲಿ ಫೇಸ್‌ನಷ್ಟೇ ಕರೆಂಟ್ ಓಡುತ್ತಿದೆ. ಮರುದಿನ ಸರ್ವಿಸ್ ವಯರ್‌ಗಳನ್ನು ಮೂರೂ ಫೇಸ್‌ಗೆ ಹಂಚಿದೆವು. ಕೊನೆಯಲ್ಲಿ 190 ಬಂತು. ಪೈಸೆ ಖರ್ಚಿಲ್ಲದ ಕೆಲಸ. ಇದನ್ನು ಮೊದಲು ಮಾಡಿ ಅಂತ ಯಾವ ಆರ್ಡರೂ ಬಂದಿರಲಿಲ್ಲ.

ಆದರೆ 190 ಸಾಕಾಗುವುದಿಲ್ಲ. ವೋಲ್ಟೇಜ್ ಬೀಳುತ್ತಿರುವುದು ಟ್ರಾನ್ಸ್‌ಫಾರ್ಮರ್‌ನಿಂದ ಮನೆಗಳಿಗೆ ಹೋಗುವ ಉದ್ದದ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನ್‌ನಲ್ಲಿ. ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದಾದರೇನು, ತಂತಿ ಅದೇ ಅಲ್ವಾ? ಅಷ್ಟೇ ಲೋಡನ್ನು 11 ಕೆವಿಯಲ್ಲಿ, ಅಂದರೆ 11,000 ವೋಲ್ಟ್‌ನಲ್ಲಿ ಒಯ್ದರೆ ಕರೆಂಟ್ ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತಂತಿಯಲ್ಲಿ ಆಗುವ ನಷ್ಟ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಹಾಗಾಗಿ ಎಚ್‌ಟಿ, ಅಂದರೆ ಈ 11 ಕೆವಿ ಲೈನನ್ನೇ ತೋಟದ ಹತ್ತಿರ ತಂದು 25 ಕೆವಿಎಯ ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು. ನಮ್ಮ ಗುಡ್ಡದ ಊರುಗಳಿಗೆ ಇದೇ ಸರಿ.

ಹಿಂದೆ ಇಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತಿತ್ತು. ಈಗ ಬೋರ್‌ವೆಲ್, ಸ್ಪ್ರಿಂಕ್ಲರ್. ಕರೆಂಟ್ ಹೋಗಿ ಬಂದರೆ ಪಂಪುಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ, ಒಂದೊಂದೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 2017ರಲ್ಲಿ ಕೇರಳದಲ್ಲಿ ಎಲ್ಲ ಮನೆಗೂ ಕರೆಂಟ್ ಬಂತು ಅಂತ ಘೋಷಣೆ ಆಯಿತು, ದೇಶದ ಎಲ್ಲ ಹಳ್ಳಿಗೂ ಮುಟ್ಟಿತು ಅಂತ 2018ರಲ್ಲಿ. ದೊಡ್ಡ ಕೆಲಸವೇ, ಅದರಲ್ಲಿ ನಮ್ಮವರ ಬೆವರೂ ಇದೆ. ಆದರೆ ಆ ಲೆಕ್ಕದಲ್ಲಿ ಇರುವುದು ಕನೆಕ್ಷನ್. ಸಂಜೆ ಏಳಕ್ಕೆ ಕೊನೆಯ ಮನೆಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ಬರೆಯಲು ನಮ್ಮ ಫಾರಂನಲ್ಲಿ ಇವತ್ತಿಗೂ ಒಂದು ಕಾಲಂ ಇಲ್ಲ. ನಾನು ಮಾರ್ಜಿನ್‌ನಲ್ಲಿ ಬರೆದು ಕಳಿಸುತ್ತೇನೆ, ಹೊತ್ತಿನ ಸಮೇತ.

ಎಚ್‌ಟಿ ಎಸ್ಟಿಮೇಟ್ ಹೋಗಿದೆ. ಲೈನ್ ಹೋಗುವ ದಾರಿಯಲ್ಲಿ ಫಲ ಕೊಡುವ ಅಡಿಕೆ ಮರ ಕಡಿಯಬೇಕು, ಅದಕ್ಕೆ ಒಬ್ಬರ ಒಪ್ಪಿಗೆ ಬಾಕಿ. ಅವರ ಸಂಕಟವೂ ಸುಳ್ಳಲ್ಲ. ಅಲ್ಲಿಯವರೆಗೆ ತೋಟದವರು ಸರದಿ ಹಾಕಿಕೊಂಡು ಪಂಪ್ ಬಿಡುತ್ತಿದ್ದಾರೆ.